ಡಬಲ್ ಮಾರ್ಕರ್‌ಗೆ ರಕ್ತ ಕೊಡುವ ಮೊದಲು

ತಾಲ್ಲೂಕು ಕೇಂದ್ರಗಳ ಲ್ಯಾಬುಗಳ ದರಪಟ್ಟಿ ಈಗೀಗ ಉದ್ದವಾಗಿದೆ. ಶುಗರ್, ಥೈರಾಯ್ಡ್, ಟೈಫಾಯ್ಡ್ ಸಾಲುಗಳ ಕೆಳಗೆ ‘ಡಬಲ್ ಮಾರ್ಕರ್’, ‘ಕ್ವಾಡ್ರುಪಲ್ ಮಾರ್ಕರ್’, ‘ಎನ್‌ಐಪಿಟಿ’ ಎಂಬ ಹೆಸರುಗಳು ಸೇರಿಕೊಂಡಿವೆ. ಐದಾರು ವರ್ಷದ ಹಿಂದೆ ಇವು ಬೆಂಗಳೂರಿನ ದೊಡ್ಡಾಸ್ಪತ್ರೆಗಳ ಮಾತು. ಈಗ ನಮ್ಮೂರಿನ ಹೆಣ್ಣುಮಕ್ಕಳ ಚೀಟಿಯಲ್ಲೂ ಬರುತ್ತಿವೆ. ಡಬಲ್ ಮಾರ್ಕರ್‌ಗೆ ಎರಡು ಮೂರು ಸಾವಿರ ರೂಪಾಯಿ. ಎನ್‌ಐಪಿಟಿಗೆ ಹತ್ತು ಸಾವಿರದಿಂದ ಮೇಲಕ್ಕೆ. ಕೂಲಿ ಲೆಕ್ಕದಲ್ಲಿ ನೋಡಿದರೆ ತಿಂಗಳ ದುಡಿಮೆ.

ದುಡ್ಡಿನ ವಿಷಯ ಆಮೇಲೆ ನೋಡೋಣ. ನನ್ನ ತಕರಾರು ಬೇರೆ. ಈ ಟೆಸ್ಟು ಏನನ್ನು ಹುಡುಕುತ್ತದೆ, ಸಿಕ್ಕರೆ ಮುಂದೇನು, ಬೇಡ ಅನ್ನಬಹುದಾ ಎಂಬ ಮೂರು ಮಾತನ್ನು ಯಾರೂ ಹೇಳದೆಯೇ ನಮ್ಮ ಹೆಣ್ಣುಮಕ್ಕಳ ರಕ್ತ ಸಿರಿಂಜಿಗೆ ಹೋಗುತ್ತಿದೆ. “ಡಾಕ್ಟ್ರು ಬರ್ದವ್ರೆ, ಮಾಡ್ಸ್ಬಿಡವ್ವ” ಅನ್ನುವ ಅತ್ತೆಯದ್ದಾಗಲಿ, ದುಡ್ಡು ಹೊಂದಿಸಿ ತರುವ ಗಂಡನದ್ದಾಗಲಿ ತಪ್ಪೇನಿಲ್ಲ. ಅವರಿಗೂ ಯಾರೂ ಹೇಳಿಲ್ಲ. ಹೀಗೆ ಮಾಡಿಸಿದ ಟೆಸ್ಟನ್ನು ಆಯ್ಕೆ ಎನ್ನಲಾಗದು. ಈ ಟೆಸ್ಟು ಆಯ್ಕೆಯೇ ಆಗಿರಬೇಕು ಎಂಬುದು ನನ್ನ ವಾದ.

ಇದು ಜರಡಿ, ತೀರ್ಪಲ್ಲ

ನಮ್ಮ ದೇಹದ ಪ್ರತಿ ಕಣದಲ್ಲೂ 46 ಕ್ರೋಮೋಸೋಮುಗಳಿರುತ್ತವೆ. 21ನೇ ಜೋಡಿಯಲ್ಲಿ ಎರಡರ ಬದಲು ಮೂರಿದ್ದರೆ ಅದು ಡೌನ್ ಸಿಂಡ್ರೋಮ್. 18 ಅಥವಾ 13ನೆಯದರಲ್ಲಿ ಹಾಗಾದರೆ ಎಡ್ವರ್ಡ್ಸ್, ಪಟೌ ಸಿಂಡ್ರೋಮ್. ಈ ಎರಡರಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಾರೆ. ಡಬಲ್ ಮಾರ್ಕರ್ ಮುಖ್ಯವಾಗಿ ಹುಡುಕುವುದು ಇವುಗಳನ್ನೇ.

ಹುಡುಕುವ ರೀತಿ ಹೀಗೆ. 11ರಿಂದ 14ನೇ ವಾರದೊಳಗೆ ತಾಯಿಯ ರಕ್ತದಲ್ಲಿ ಎರಡು ಅಂಶಗಳನ್ನು ಅಳೆಯುತ್ತಾರೆ. ಅದೇ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಎಷ್ಟು ದಪ್ಪ ಇದೆ ಎಂದು ನೋಡುತ್ತಾರೆ. ಇದೇ ಎನ್‌ಟಿ ಸ್ಕ್ಯಾನ್. ಇವುಗಳ ಜೊತೆ ತಾಯಿಯ ವಯಸ್ಸು, ತೂಕ, ಎಷ್ಟನೇ ವಾರ ಎಂಬುದನ್ನು ಸೇರಿಸಿ ಕಂಪ್ಯೂಟರು ಒಂದು ಲೆಕ್ಕ ಕೊಡುತ್ತದೆ. ವಾರದ ಲೆಕ್ಕ ತಪ್ಪಿದರೆ ಉತ್ತರವೂ ತಪ್ಪುತ್ತದೆ. “ಹಬ್ಬ ಆಗಿ ಎಂಟು ದಿನಕ್ಕೆ ಮುಟ್ಟಾಗಿದ್ದೆ” ಎಂದು ನೆನಪಿಟ್ಟುಕೊಳ್ಳುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಸ್ಕ್ಯಾನಿಂಗ್‌ನಲ್ಲಿ ವಾರ ಖಚಿತ ಮಾಡಿಕೊಳ್ಳದೆ, ಎನ್‌ಟಿ ಅಳತೆ ಇಲ್ಲದೆ ಬರೀ ರಕ್ತ ಕೊಟ್ಟರೆ ಟೆಸ್ಟಿನ ಕಸುವೇ ಕಡಿಮೆಯಾಗುತ್ತದೆ.

ಇದೆಲ್ಲ ಸರಿಯಾಗಿ ನಡೆದರೂ ಅದು ಜರಡಿ ಹಿಡಿದ ಹಾಗೆ. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ, ಕೆಳಗಿಳಿದದ್ದೆಲ್ಲ ಕಾಳೂ ಅಲ್ಲ. ರಕ್ತ ಮತ್ತು ಎನ್‌ಟಿ ಸ್ಕ್ಯಾನ್ ಎರಡೂ ಸೇರಿ ಡೌನ್ ಸಿಂಡ್ರೋಮ್ ಇರುವ ನೂರರಲ್ಲಿ ಸುಮಾರು 85–90ನ್ನು ಹಿಡಿಯುತ್ತವೆ. ಅದಕ್ಕಾಗಿ ಏನೂ ತೊಂದರೆ ಇಲ್ಲದ ನೂರು ಬಸುರಿಯರಲ್ಲಿ ಐದು ಜನರಿಗೆ ‘ಹೈ ರಿಸ್ಕ್’ ಎಂಬ ಮುದ್ರೆ ಬೀಳುತ್ತದೆ.

ಹಾಗಾದರೆ ರಿಪೋರ್ಟಿನಲ್ಲಿ ಕೆಂಪಕ್ಷರದಲ್ಲಿ ಬರುವ ‘1:180’ ಅಂದರೆ ಏನು? ಇದೇ ರಿಪೋರ್ಟು ಬಂದ 180 ಬಸುರಿಯರನ್ನು ಸಾಲಾಗಿ ನಿಲ್ಲಿಸಿದರೆ ಅವರಲ್ಲಿ ಒಬ್ಬಳ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು, ಉಳಿದ 179 ಮಕ್ಕಳಿಗೆ ಇರುವುದಿಲ್ಲ. ಅಷ್ಟೇ. ಲ್ಯಾಬುಗಳು ಸಾಮಾನ್ಯವಾಗಿ 1:250 ಎಂಬಲ್ಲಿ ಗೆರೆ ಎಳೆದುಕೊಂಡಿವೆ. ಅದಕ್ಕಿಂತ ಆಚೆ ಇದ್ದರೆ ‘ಲೋ’, ಈಚೆ ಇದ್ದರೆ ‘ಹೈ’. ಆದರೆ ಈ ರಿಪೋರ್ಟು ವಾಟ್ಸಾಪಿನಲ್ಲಿ ಬರುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಓದಿದ ಹುಡುಗ ‘ಹೈ ರಿಸ್ಕ್’ ಎಂಬ ಎರಡು ಪದ ಓದುತ್ತಾನೆ. ಆವತ್ತಿನಿಂದ ಆ ಮನೆಯಲ್ಲಿ ಒಲೆ ಸರಿಯಾಗಿ ಉರಿಯುವುದಿಲ್ಲ. ನನ್ನ ಸಂಬಂಧಿಕರ ಮನೆಯೊಂದರಲ್ಲಿ ಇದನ್ನು ನೋಡಿದ್ದೇನೆ. 1:180 ಎಂದಿದ್ದ ಚೀಟಿಯನ್ನು ಎದುರಿಗಿಟ್ಟುಕೊಂಡು “ನೂರೆಂಬತ್ತು ಪರ್ಸೆಂಟು ತೊಂದ್ರೆ ಇದೆಯಂತೆ” ಎಂದು ಮಾತಾಡಿಕೊಳ್ಳುತ್ತಿದ್ದರು. ಬಸುರಿ ಹೆಂಗಸು ಎರಡು ದಿನದಿಂದ ಊಟ ಬಿಟ್ಟಿದ್ದಳು.

ಎನ್‌ಐಪಿಟಿ ಇದಕ್ಕಿಂತ ಎಷ್ಟೋ ನಿಖರ. ತಾಯಿಯ ರಕ್ತದಲ್ಲಿ ಮಗುವಿನ ಕಡೆಯ, ಅಂದರೆ ಮಾಸಿನಿಂದ ಬಂದ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ ಎಂದು 1997ರಲ್ಲಿ ಡೆನ್ನಿಸ್ ಲೋ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟರು. ಆ ಚೂರುಗಳನ್ನು ಎಣಿಸುವುದೇ ಎನ್‌ಐಪಿಟಿ. ಹತ್ತನೇ ವಾರದಿಂದ ಮಾಡಬಹುದು. ಡೌನ್ ಸಿಂಡ್ರೋಮನ್ನು ನೂರಕ್ಕೆ 99ರಷ್ಟು ಹಿಡಿಯುತ್ತದೆ. ಆದರೂ ಇದು ಕೂಡ ಜರಡಿಯೇ. ವಯಸ್ಸು ಕಡಿಮೆ ಇರುವ ತಾಯಂದಿರಲ್ಲಿ ಡೌನ್ ಸಿಂಡ್ರೋಮ್ ಅಪರೂಪ, 25ರ ವಯಸ್ಸಿನಲ್ಲಿ ಸುಮಾರು 1,250ಕ್ಕೆ ಒಂದು. ಅಷ್ಟು ಅಪರೂಪದ್ದನ್ನು ಹುಡುಕುವಾಗ ‘ಇದೆ’ ಎಂದು ಬಂದ ರಿಪೋರ್ಟುಗಳಲ್ಲಿ ತಪ್ಪು ರಿಪೋರ್ಟಿನ ಪಾಲು ದೊಡ್ಡದಾಗಿಯೇ ಇರುತ್ತದೆ. ಖಚಿತವಾಗಿ ಹೇಳಬೇಕೆಂದರೆ ಮಾಸಿನ ಚೂರನ್ನೋ, 15 ವಾರದ ನಂತರ ಗರ್ಭದ ನೀರನ್ನೋ ಸೂಜಿಯಿಂದ ತೆಗೆದು ಪರೀಕ್ಷಿಸಬೇಕು. ಅದರಲ್ಲಿ ಗರ್ಭ ಹೋಗುವ ಸಣ್ಣ ಅಪಾಯವಿದೆ. ಎನ್‌ಐಪಿಟಿ ರಿಪೋರ್ಟೊಂದನ್ನೇ ನೆಚ್ಚಿಕೊಂಡು ಯಾರೂ ಗರ್ಭ ತೆಗೆಸುವ ಮಾತಿಗೆ ಹೋಗಬಾರದು.

ನಮ್ಮ ಪ್ರಶ್ನೆಯೇ ಬೇರೆ

ಹಳ್ಳಿಯಲ್ಲಿ ಬಸುರಿ ಹೆಂಗಸಿನ ಮನೆಯವರನ್ನು ಕಾಡುವ ಭಯ ಹೆಚ್ಚಾಗಿ ಒಂದೇ: “ಸಂಬಂಧದಲ್ಲೇ ಕೊಟ್ಟು ತಂದದ್ದು, ಮಗೂಗೇನಾದ್ರೂ ಆಗುತ್ತಾ?” ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರಮಾವನ ಮಗನಿಗೆ ಕೊಡುವುದು ನಮ್ಮಲ್ಲಿ ಇನ್ನೂ ನಡೆದೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದ ಮದುವೆಗಳು.

ಈ ಭಯಕ್ಕೆ ಡಬಲ್ ಮಾರ್ಕರ್ ಬಳಿ ಉತ್ತರವೇ ಇಲ್ಲ. ಸಾಮಾನ್ಯ ಎನ್‌ಐಪಿಟಿ ಬಳಿಯೂ ಇಲ್ಲ. ಡೌನ್ ಸಿಂಡ್ರೋಮ್ ಸಾಮಾನ್ಯವಾಗಿ ಸಂಬಂಧದ ಮದುವೆಯಿಂದ ಬರುವುದಲ್ಲ, ತಾಯಿಯ ವಯಸ್ಸು ಏರಿದಂತೆ ಅದರ ಸಾಧ್ಯತೆ ಏರುತ್ತದೆ. ಸಂಬಂಧದ ಮದುವೆಯಲ್ಲಿ ಆಗುವುದು ಬೇರೆ. ಗಂಡ ಹೆಂಡತಿ ಇಬ್ಬರಲ್ಲೂ ಮನೆತನದ ಒಂದೇ ದೋಷಯುಕ್ತ ಜೀನು ಅಡಗಿದ್ದು, ಮಗುವಿಗೆ ಎರಡೂ ಕಡೆಯಿಂದ ಬಂದುಬಿಡಬಹುದು. ತಲಸ್ಸೇಮಿಯಾ, ಕೆಲವು ಬಗೆಯ ಕಿವುಡು, ಕೆಲವು ಸ್ನಾಯು ಮತ್ತು ಮೆದುಳಿನ ಕಾಯಿಲೆಗಳು ಬರುವುದು ಹೀಗೆ. ಇಂಥದ್ದನ್ನು ಹುಡುಕಲು ಮನೆತನದ ಕತೆ ಕೇಳಬೇಕು, ಆ ಕಾಯಿಲೆಗೇ ಬೇರೆ ಟೆಸ್ಟು ಮಾಡಬೇಕು.

ಇಲ್ಲೇ ನನಗೆ ಸಿಟ್ಟು ಬರುವುದು. ಮೂರು ಸಾವಿರ ಕೊಟ್ಟು ಡಬಲ್ ಮಾರ್ಕರ್ ಮಾಡಿಸಿ ‘ಲೋ ರಿಸ್ಕ್’ ಎಂದು ಬಂದ ಮನೆಯವರು “ಸಂಬಂಧದ ಮದ್ವೆ ಆದ್ರೂ ಏನೂ ತೊಂದ್ರೆ ಇಲ್ವಂತೆ” ಎಂದು ನಿರಾಳವಾಗುತ್ತಾರೆ. ಆ ಟೆಸ್ಟು ಆ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ಇನ್ನೊಂದು ಕಡೆ, ತಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ವಾಹಕರನ್ನು ಪತ್ತೆ ಹಚ್ಚುವ ರಕ್ತಪರೀಕ್ಷೆ ಎನ್‌ಐಪಿಟಿಯ ಮುಂದೆ ತೀರಾ ಅಗ್ಗ. ಮದುವೆಗೆ ಮೊದಲೇ ಮಾಡಿಸಬಹುದು. ಬಸುರಿಗೆ ಮೊದಲು ಮಾಡಿ, ಅವಳು ವಾಹಕಿ ಎಂದಾದರೆ ಮಾತ್ರ ಗಂಡನಿಗೂ ಮಾಡಿದರೆ ಸಾಕು. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. 180ರಲ್ಲೊಂದಲ್ಲ, ನಾಲ್ಕರಲ್ಲೊಂದು. ಸಿಕಲ್ ಸೆಲ್ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಯೋಜನೆ ಶುರು ಮಾಡಿ ಬುಡಕಟ್ಟು ಪ್ರದೇಶಗಳಲ್ಲಿ ತಪಾಸಣೆ ನಡೆಸುತ್ತಿದೆ. ಅದು ಒಳ್ಳೆಯ ಕೆಲಸ. ಇಂಥ ತಪಾಸಣೆ ಪ್ರತಿ ಬಸುರಿಗೂ ಮೊದಲ ಭೇಟಿಯಲ್ಲೇ ಸಿಗಬೇಕು.

ಮೂರು ತಿಂಗಳ ಗುಟ್ಟು

ಇನ್ನೊಂದು ತೊಡಕು ನಮ್ಮ ಮನೆಯೊಳಗಿನದು. ಮೂರು ತಿಂಗಳು ತುಂಬುವವರೆಗೆ ಬಸುರಿನ ವಿಷಯ ಹೊರಗೆ ಬಿಡಬಾರದು, ದೃಷ್ಟಿಯಾಗುತ್ತದೆ ಎಂಬ ನಂಬಿಕೆ. ಆಶಾ ಕಾರ್ಯಕರ್ತೆಗೂ ಹೇಳುವುದಿಲ್ಲ. ಮೂರು ತುಂಬಿ ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ 11–14 ವಾರದ ಕಿಟಕಿ ಮುಚ್ಚಿರುತ್ತದೆ. ಆಮೇಲೆ ಉಳಿಯುವುದು 15–20 ವಾರದ ಕ್ವಾಡ್ರುಪಲ್ ಟೆಸ್ಟ್. ಅದು ಎನ್‌ಟಿ ಸ್ಕ್ಯಾನ್ ಜೊತೆಗಿನ ಡಬಲ್ ಮಾರ್ಕರ್‌ಗಿಂತ ಮಂಕು. ಅದರಲ್ಲಿ ಏನಾದರೂ ಬಂದರೆ ಗರ್ಭದ ನೀರಿನ ಪರೀಕ್ಷೆ, ಅದರ ಫಲಿತಾಂಶಕ್ಕೆ ಮತ್ತೆರಡು ವಾರ. ಅಷ್ಟರಲ್ಲಿ 20 ವಾರ ದಾಟಿರುತ್ತದೆ. 2021ರ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯಲ್ಲಿ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 24ರವರೆಗೆ ಇಬ್ಬರದು ಬೇಕು, ಅದರಾಚೆ ಮಗುವಿನ ಗಂಭೀರ ನ್ಯೂನತೆಯ ಕಾರಣಕ್ಕೆ ವೈದ್ಯಕೀಯ ಮಂಡಳಿ ಒಪ್ಪಬೇಕು. ಊರವರಿಗೆ ಹೇಳದಿದ್ದರೆ ಬೇಡ, ಆಶಾ ಅಕ್ಕನ ಕಿವಿಗಾದರೂ ಎರಡನೇ ತಿಂಗಳಲ್ಲೇ ಹಾಕಿ.

ಬೇಡ ಎನ್ನುವುದೂ ಒಂದು ಉತ್ತರ

ಟೆಸ್ಟು ಮಾಡಿಸಲೇಬೇಕು ಎನ್ನುವ ಕಾನೂನು ಇಲ್ಲ. ಹೇಳಿ ಮಾಡಿಸಬೇಕು ಎನ್ನುವ ಕಾನೂನು ಇದೆ. ಹೆಣ್ಣುಭ್ರೂಣ ಹತ್ಯೆ ತಡೆಯಲು ಬಂದದ್ದು ಎಂದಷ್ಟೇ ನಮಗೆ ಗೊತ್ತಿರುವ 1994ರ ಪಿಎನ್‌ಡಿಟಿ ಕಾಯ್ದೆಯ 5ನೇ ಕಲಂ ಓದಿ ನೋಡಿ. ಗರ್ಭದಲ್ಲಿನ ಮಗುವಿನ ಆನುವಂಶಿಕ ಪರೀಕ್ಷೆಗೆ ಮುನ್ನ ಅದರ ಅಡ್ಡಪರಿಣಾಮಗಳನ್ನೆಲ್ಲ ಆಕೆಗೆ ವಿವರಿಸಬೇಕು, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು, ಒಪ್ಪಿಗೆ ಪತ್ರದ ಪ್ರತಿಯನ್ನು ಆಕೆಗೇ ಕೊಡಬೇಕು. ಒಪ್ಪಿಗೆ ಗಂಡನದ್ದಲ್ಲ, ಅತ್ತೆಯದ್ದಲ್ಲ, ಬಸುರಿಯದ್ದು. ಕನ್ನಡ ಬಲ್ಲ ಹೆಂಗಸಿನ ಮುಂದೆ ಇಂಗ್ಲಿಷ್ ಫಾರಂ ಇಟ್ಟು “ಇಲ್ಲೊಂದು ಸೈನ್ ಮಾಡಮ್ಮ” ಅಂದರೆ ಕಾಯ್ದೆಯ ಆಶಯವೇ ಕೈತಪ್ಪಿತು. ಗಂಡೋ ಹೆಣ್ಣೋ ಎಂಬುದನ್ನು ಮಾತ್ರ ಯಾವ ಟೆಸ್ಟಿನಲ್ಲೂ ಯಾರೂ ಹೇಳುವಂತಿಲ್ಲ, ಕೇಳುವಂತಿಲ್ಲ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಈ ತಪಾಸಣೆ ಎಲ್ಲ ಬಸುರಿಯರಿಗೂ ಉಚಿತ. ಆದರೂ ಮೊದಲು ಕೇಳುತ್ತಾರೆ: ಡೌನ್ ಸಿಂಡ್ರೋಮ್‌ಗೆ ಮಾತ್ರ ನೋಡಬೇಕಾ, ಎಡ್ವರ್ಡ್ಸ್, ಪಟೌಗೂ ನೋಡಬೇಕಾ, ಯಾವುದೂ ಬೇಡವಾ? ಎನ್‌ಐಪಿಟಿಯನ್ನು ಮೊದಲ ಟೆಸ್ಟಿನಲ್ಲಿ ಸಾಧ್ಯತೆ ಹೆಚ್ಚು ಬಂದವರಿಗಷ್ಟೇ ಎರಡನೇ ಹಂತದಲ್ಲಿ ಕೊಡುತ್ತಾರೆ. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಯ ಮಾಮೂಲಿ ತಪಾಸಣೆಯಲ್ಲಿ ಡಬಲ್ ಮಾರ್ಕರ್ ಇಲ್ಲ, ಖಾಸಗಿಯಲ್ಲಿ ಪ್ರಶ್ನೆ ಇಲ್ಲ.

ಟೆಸ್ಟು ಬೇಡ ಎಂದು ಹೇಳುವವರು ಮೂಢರಲ್ಲ. “ಹೆಂಗಿದ್ರೂ ನನ್ ಮಗೂನೇ” ಎಂದು ನಿರ್ಧರಿಸಿದ ತಾಯಿಗೆ ಆ ಆತಂಕದ ವಾರಗಳು ಯಾಕೆ ಬೇಕು? ಡೌನ್ ಸಿಂಡ್ರೋಮ್ ಇರುವ ಮಕ್ಕಳು ನಿಧಾನವಾಗಿ ಕಲಿಯುತ್ತಾರೆ, ಆದರೆ ಕಲಿಯುತ್ತಾರೆ. ಶಾಲೆಗೆ ಹೋಗುತ್ತಾರೆ, ಕೆಲಸ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರಿಗೂ ಹಕ್ಕು ಕೊಟ್ಟಿದೆ.

ಬೇಕು ಎಂದು ಹೇಳುವವರು ಕಟುಕರೂ ಅಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಮೊದಲೇ ಗೊತ್ತಿದ್ದರೆ ಹೆರಿಗೆಯನ್ನು ದೊಡ್ಡ ಆಸ್ಪತ್ರೆಗೆ ಗೊತ್ತು ಮಾಡಿಕೊಳ್ಳಬಹುದು, ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬಹುದು. ತಮಗೆ ಸಾಕುವ ಶಕ್ತಿ ಇಲ್ಲ, ತಮ್ಮ ನಂತರ ನೋಡಿಕೊಳ್ಳುವವರಿಲ್ಲ ಎಂದು ಬಸುರನ್ನು ಮುಂದುವರಿಸದಿರುವ ತೀರ್ಮಾನಕ್ಕೆ ಬರುವವರೂ ಇದ್ದಾರೆ. ಆ ನೋವು ಅವರದು. ಹೊರಗೆ ನಿಂತ ನಾವು ತೀರ್ಪು ಹೇಳುವ ವಿಷಯವಲ್ಲ. ಮಗು ಹುಟ್ಟಿದ ಮೇಲೆ ಪಕ್ಕದಲ್ಲಿ ನಿಲ್ಲದ ಸಮಾಜಕ್ಕೆ, ಹುಟ್ಟುವ ಮುನ್ನ ಉಪದೇಶ ಮಾಡುವ ಅಧಿಕಾರ ಎಲ್ಲಿಂದ ಬಂತು?

“ಒಂದು ದಿನಕ್ಕೆ ಎಂಬತ್ತು ಜನ ನೋಡ್ಬೇಕು, ಇದನ್ನೆಲ್ಲ ವಿವರಿಸೋಕೆ ಟೈಮೆಲ್ಲಿದೆ?” ಎಂದು ಡಾಕ್ಟರುಗಳು ಕೇಳಬಹುದು. ನ್ಯಾಯವಾದ ಮಾತು. ಅದಕ್ಕೇ ಇದು ಡಾಕ್ಟರೊಬ್ಬರ ಹೆಗಲಿನ ಕೆಲಸ ಆಗಬಾರದು. ತಾಯಿ ಕಾರ್ಡಿನಲ್ಲಿ ಕನ್ನಡದ ಒಂದು ಪುಟ, ಆಶಾ ಕಾರ್ಯಕರ್ತೆಯರಿಗೆ ಒಂದು ದಿನದ ತರಬೇತಿ, ಜಿಲ್ಲಾಸ್ಪತ್ರೆಯಲ್ಲಿ ಆನುವಂಶಿಕ ಸಲಹೆ ಕೊಡುವವರೊಬ್ಬರು. ಇಷ್ಟು ಮಾಡಲು ಹೊಸ ಕಟ್ಟಡ ಬೇಕಿಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಬಸುರಿಯರ ಉಚಿತ ತಪಾಸಣೆಯ ದಿನ, ಕಾಯುತ್ತಾ ಕುಳಿತವರಿಗೆ ಹತ್ತು ನಿಮಿಷ ಇದನ್ನು ಹೇಳಲು ಯಾರ ಅಡ್ಡಿಯೂ ಇಲ್ಲ.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ರಕ್ತ ಕೊಡುವ ಮೊದಲು ಇಷ್ಟು ಕೇಳಿ. ಈ ಟೆಸ್ಟು ಯಾವ ಕಾಯಿಲೆಯನ್ನು ಹುಡುಕುತ್ತದೆ, ಯಾವುದನ್ನು ಹುಡುಕುವುದಿಲ್ಲ? ಎನ್‌ಟಿ ಸ್ಕ್ಯಾನ್ ಆಗಿದೆಯೇ, ವಾರದ ಲೆಕ್ಕ ಸರಿ ಇದೆಯೇ? ‘ಹೈ’ ಎಂದು ಬಂದರೆ ಮುಂದಿನ ಪರೀಕ್ಷೆ ಯಾವುದು, ಎಲ್ಲಿ, ಎಷ್ಟು ಖರ್ಚು? ನಮ್ಮದು ಸಂಬಂಧದ ಮದುವೆ, ಅದಕ್ಕೆ ಬೇರೆ ಟೆಸ್ಟು ಬೇಕೇ? ಕೊನೆಯದನ್ನು ಡಾಕ್ಟರನ್ನಲ್ಲ, ಅವಳನ್ನೇ ಕೇಳಬೇಕು: ಗೊತ್ತಾದರೆ ನೀನು ಏನು ಮಾಡಬೇಕು ಅಂದುಕೊಂಡಿದ್ದೀಯಾ?

ಅವಳ ಉತ್ತರ ಏನೇ ಇರಲಿ, ಟೆಸ್ಟು ಬೇಕೋ ಬೇಡವೋ ಎಂಬುದು ಅಲ್ಲಿಂದ ಶುರುವಾಗಲಿ.