ಆ ಎರಡು ಅಲೆಗೆರೆ ಅಲಂಕಾರ ಅಲ್ಲ

ಗೂಗಿ ವಾ ಥಿಯಾಂಗೊ ಹೆಸರು ಕೇಳಿದೀರಾ? ಕೀನ್ಯಾದ ಲೇಖಕ. ಅವರ ಹೆಸರನ್ನ ರೋಮನ್ ಲಿಪಿಯಲ್ಲಿ ಸರಿಯಾಗಿ ಬರೆದ್ರೆ ‘ಯು’ ಮೇಲೊಂದು, ‘ಐ’ ಮೇಲೊಂದು ಪುಟ್ಟ ಅಲೆಗೆರೆ ಇರುತ್ತೆ. ಪೋಸ್ಟ್ ಹಾಕುವಾಗ ಎರಡನ್ನೂ ಹಾರಿಸಿಬಿಡ್ತೀವಿ. ನಾನೂ ಹಾರಿಸಿದೀನಿ. ಅದು ತಪ್ಪು ಅಂತ ಈಗ ಅನ್ನಿಸ್ತಿದೆ.

ಅವರ ತಾಯ್ನುಡಿ ಗಿಕುಯು, ಬಂಟು ಕುಟುಂಬದ ಭಾಷೆ. ಆ ಕುಟುಂಬದ ಮೂಲಭಾಷೆಯಲ್ಲಿ 7 ಸ್ವರ ಇದ್ದವು ಅಂತ ಬಹುಪಾಲು ಭಾಷಾವಿಜ್ಞಾನಿಗಳು ಹೇಳ್ತಾರೆ. ‘ಇ’ಯಲ್ಲೇ ಎರಡು: ಒಂದು ಬಿಗಿ, ಒಂದು ಸ್ವಲ್ಪ ಸಡಿಲ. ‘ಉ’ ಕೂಡ ಹಾಗೇ. ಗಿಕುಯು ಏಳನ್ನೂ ಉಳಿಸ್ಕೊಂಡಿದೆ. ಅಲೆಗೆರೆ ಇರೋದು ಸಡಿಲ ಸ್ವರಗಳ ಮೇಲೆ. ಇವತ್ತು ಅವು ನಮ್ಮ ಎ, ಒ ಹತ್ತಿರ ಕೇಳಿಸುತ್ತವೆ. ಅಂದ್ರೆ ಆ ಹೆಸರು ‘ಗೂಗಿ’ಗಿಂತ ‘ಙ್ಗೊಗೆ’ಗೆ ಹತ್ತಿರ!

ಅದೇ ಕುಟುಂಬದ ಸ್ವಾಹಿಲಿಯಲ್ಲಿ ಸ್ವರ 5 ಮಾತ್ರ. ಎರಡು ‘ಇ’ ಒಂದಾಯ್ತು, ಎರಡು ‘ಉ’ ಒಂದಾಯ್ತು. ಹಾಗಾದ್ರೆ ಸ್ವಾಹಿಲಿ ಕೆಟ್ಟೋಯ್ತಾ? ಖಂಡಿತ ಇಲ್ಲ. ಈ ಮೂರು ಪದ ನೋಡಿ.

ಅಂಡಿಕಾ: ಬರೆ.
ಅಂಡಿಕಿಯಾ: ಒಬ್ಬರಿಗೆ ಬರೆ.
ಮ್ವಾಂಡಿಶಿ: ಬರೆಯುವವರು.

ಕೊನೆಯ ಎರಡರಲ್ಲೂ ‘ಕ’ ಆದ್ಮೇಲೆ ‘ಇ’ ಬರಬೇಕು. ಆದ್ರೆ ಒಂದರಲ್ಲಿ ‘ಕ’ ಹಾಗೇ ಇದೆ, ಇನ್ನೊಂದರಲ್ಲಿ ‘ಶ’ ಆಗಿದೆ. ಯಾಕಂದ್ರೆ ಮ್ವಾಂಡಿಶಿಯ ಕೊನೇ ‘ಇ’ ಹಿಂದೆ ಬಿಗಿ ‘ಇ’ ಆಗಿತ್ತು. ನಾಲಿಗೆ ಅಂಗುಳಕ್ಕೆ ಅಷ್ಟು ಹತ್ತಿರ ಹೋದಾಗ ಗಾಳಿ ಸುಸ್ ಅಂತ ಹೊರಬಂದು ‘ಕ’ವನ್ನ ‘ಶ’ ಮಾಡ್ತು. ಆಮೇಲೆ ಎರಡು ‘ಇ’ ಬೆರೆತವು, ‘ಶ’ ಗುರುತಾಗಿ ಉಳೀತು. ಸ್ವರ ಹೋದ್ರೂ ಅದರ ಹೆಜ್ಜೆಗುರುತು ಹೋಗಿಲ್ಲ.

ಅದಕ್ಕೇ ನಾನು ಹೇಳೋದು: ಬದಲಾಗೋದು ಬೇರೆ, ಅಳಿಸೋದು ಬೇರೆ. ಸ್ವಾಹಿಲಿಯನ್ನ ಬದಲಾಯಿಸಿದ್ದು ಅದನ್ನ ಆಡೋ ಜನರ ನಾಲಿಗೆ. ಗಿಕುಯುವಿನಲ್ಲಿ ಇನ್ನೂ ಬದುಕಿರೋ ಸ್ವರವನ್ನ ಅಳಿಸ್ತಿರೋದು ನಮ್ಮ ಸೋಮಾರಿತನ. ಯಾರಾದ್ರೂ ನಮ್ಮ ‘ಳ’ವನ್ನ ‘ಲ’ ಅಂದ್ರೆ ನಮಗೆಷ್ಟು ಉರಿಯುತ್ತೆ!

1978ರಲ್ಲಿ ಜೈಲಿನೊಳಗೆ, ಟಾಯ್ಲೆಟ್ ಪೇಪರ್ ಮೇಲೆ, ಗಿಕುಯುವಿನಲ್ಲಿ ಕಾದಂಬರಿ ಬರೆದ ಮನುಷ್ಯ ಅವರು. ಅವರ ಹೆಸರಿನ ಎರಡು ಗೆರೆಗೆ ನಾವು ಎರಡು ಸೆಕೆಂಡ್ ಕೊಡಲ್ವಾ? ಟೈಪ್ ಮಾಡೋಕೆ ಬರದಿದ್ರೆ ಕಾಪಿ-ಪೇಸ್ಟ್ ಆದ್ರೂ ಮಾಡಿ.

ನಿಮ್ಮ ಹೆಸರನ್ನ ಜನ ಹೇಗೆಲ್ಲ ಕೆಡಿಸ್ತಾರೆ? ಕಾಮೆಂಟ್‌ನಲ್ಲಿ ಹೇಳಿ.

#ನುಡಿಯೋಚನೆ #ಸ್ವರಗಳ_ಕತೆ