ಎಂಟು ಹಂತಗಳಲ್ಲಿ ಎಲುಬಿನ ಭೂತ

ನೌಬಾದದ ಮನೆಯ ಪಡಸಾಲೆಯಲ್ಲಿ ಅಕ್ಕನ ಮಗ ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಟ್ಟುಕೊಂಡು ಚಿತ್ರ ಬರೆಯುತ್ತಿದ್ದ. ತಲೆಗೊಂದು ಗುಂಡು, ಎದೆಗೊಂದು ಮೊಟ್ಟೆಯಾಕಾರ, ಎರಡನ್ನೂ ಕೂಡಿಸುವ ಬಾಗಿದ ಗೆರೆ, ಆಮೇಲೆ ಕಾಲು, ರೆಕ್ಕೆ, ಪಂಜ, ಪಕ್ಕೆಲುಬು, ಕೊನೆಗೆ ನೆರಳು. ಎಂಟು ಹಂತಕ್ಕೆ ಎಲುಬಿನ ಡ್ರ್ಯಾಗನ್ ಸಿದ್ಧ. ಚಿತ್ರ ಚೆನ್ನಾಗಿಯೇ ಇತ್ತು.

‘ಇದಕ್ಕ ಪಕ್ಕೆಲುಬು ಎಷ್ಟೋ?’ ಅಂದೆ.

‘ವಿಡಿಯೋದಾಗ ಎಷ್ಟ್ ಅವ ಅಷ್ಟ, ಮಾಮಾ.’

ನನ್ನ ಜಗಳ ಈ ಉತ್ತರದ ಜೊತೆ. ಹುಡುಗನ ಜೊತೆ ಅಲ್ಲ.

ಹಂತ ಹಂತದ ಪಾಠಗಳ ಪರವಾಗಿ ಹೇಳುವವರ ಮಾತು ಗೊತ್ತಿದೆ. ಚಿತ್ರಕಲಾ ಮೇಷ್ಟ್ರಿಲ್ಲದ ಶಾಲೆಯ ಮಕ್ಕಳಿಗೂ ಅವು ಸಿಗುತ್ತವೆ, ಪುಕ್ಕಟೆಯಾಗಿ ಸಿಗುತ್ತವೆ. ‘ನನಗೆ ಬರೆಯಲು ಬರುವುದಿಲ್ಲ’ ಎನ್ನುವ ಅಳುಕನ್ನು ಕಳೆಯುತ್ತವೆ. ಇವೆರಡನ್ನೂ ಒಪ್ಪುತ್ತೇನೆ. ಆದರೆ ಮೂರನೆಯ ಮಾತೊಂದು ಇದೆ: ‘ಕಲ್ಪನೆಯ ಪ್ರಾಣಿಗೆ ಎಲುಬಿನ ಲೆಕ್ಕ ಯಾಕ್ರೀ?’ ಇದನ್ನು ಒಪ್ಪಲಾರೆ.

ಮಾಂಸ, ಚರ್ಮ, ಕೂದಲು ಎಷ್ಟೋ ತಪ್ಪುಗಳನ್ನು ಮುಚ್ಚಿಕೊಳ್ಳುತ್ತವೆ. ಎಲುಬಿಗೆ ಆ ಸವಲತ್ತಿಲ್ಲ. ಮನುಷ್ಯನಿಗೆ 12 ಜೊತೆ ಪಕ್ಕೆಲುಬು, ದನಕ್ಕೆ 13, ಕುದುರೆಗೆ 18. ಕುದುರೆಯ ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವುದು ಮೊಣಕಾಲಲ್ಲ, ನಮ್ಮ ಹಿಮ್ಮಡಿಯ ಕೀಲು. ಬಾವಲಿಯ ರೆಕ್ಕೆ ಎಂದರೆ ಉದ್ದಕ್ಕೆ ಬೆಳೆದ ಕೈಬೆರಳುಗಳು. ಬೆನ್ನೆಲುಬಿರುವ ಯಾವ ಪ್ರಾಣಿಗೂ ನಾಲ್ಕಕ್ಕಿಂತ ಹೆಚ್ಚು ಕೈಕಾಲಿಲ್ಲ. ಹಾಗಿದ್ದರೆ ನಾಲ್ಕು ಕಾಲಿನ ಮೇಲೆ ಎರಡು ರೆಕ್ಕೆಯನ್ನೂ ಹೊತ್ತ ಡ್ರ್ಯಾಗನ್ನಿನ ರೆಕ್ಕೆ ಯಾವ ಹೆಗಲಿಗೆ ಕೂಡುತ್ತದೆ? ಕಲ್ಪನೆ ಶುರುವಾಗುವುದೇ ಈ ಪ್ರಶ್ನೆಯಿಂದ. ಪಾಠ ಮಾತ್ರ ‘ಇಲ್ಲಿ ರೆಕ್ಕೆ ಬರೆಯಿರಿ’ ಎಂದು ಮುಂದಿನ ಹಂತಕ್ಕೆ ಹೋಗಿಬಿಡುತ್ತದೆ.

ಬಾದಾಮಿಯ ಮೊದಲನೆಯ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ಎಲುಬಿನ ಹಂದರವಾಗಿ ಭೃಂಗಿ ನಿಂತಿದ್ದಾನೆ. ಶಿವನಿಗಷ್ಟೇ ಸುತ್ತು ಬರುತ್ತೇನೆ, ಪಾರ್ವತಿಗೆ ಬರುವುದಿಲ್ಲ ಎಂದು ಹಟ ಹಿಡಿದವನು ಅವನು. ತಾಯಿಯ ಕಡೆಯಿಂದ ಬಂದ ರಕ್ತಮಾಂಸವನ್ನು ದೇವಿ ಕಿತ್ತುಕೊಂಡಳು. ನಿಲ್ಲಲಾರದವನಿಗೆ ಶಿವ ಮೂರನೆಯ ಕಾಲು ಕೊಟ್ಟ ಎನ್ನುತ್ತದೆ ಕತೆ. ಕಲ್ಪನೆ ಅಂದರೆ ಇದು. ಮಾಂಸವಿಲ್ಲದ ದೇಹ ನಿಲ್ಲುವುದು ಹೇಗೆ ಎಂದು ಯಾರೋ ಕೇಳಿಕೊಂಡಿದ್ದಾರೆ, ಅದಕ್ಕೇ ಮೂರನೆಯ ಕಾಲು ಹುಟ್ಟಿದೆ. ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯಲ್ಲಿ, ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿಯೊಳಗೆ, ಕಾಳಿಯ ಬಾಗಿಲು ಕಾಯುವ ಬೇತಾಳಗಳೂ ಎಲುಬಿನವೇ.

ನಮ್ಮದು ಹಳೆಯದು, ಆದ್ದರಿಂದ ದೊಡ್ಡದು ಎಂಬ ವಾದ ನನ್ನದಲ್ಲ. ಭೃಂಗಿಯನ್ನೂ ಎಂಟು ಹಂತದಲ್ಲಿ ಕಲಿಸಿದರೆ ಅವನೂ ಡ್ರ್ಯಾಗನ್ನಿನ ಪಕ್ಕಕ್ಕೇ ಹೋಗಿ ಕೂಡುತ್ತಾನೆ. ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ ಸತ್ತ ಕುದುರೆಗಳನ್ನು ತಿಂಗಳುಗಟ್ಟಲೆ ಕೊಯ್ದು, ಪದರ ಪದರವಾಗಿ ನೋಡಿ, 1766ರಲ್ಲಿ ಕುದುರೆಯ ಅಂಗರಚನೆಯ ಪುಸ್ತಕ ತಂದ. ನೋಡುವುದಕ್ಕೆ ದೇಶವಿಲ್ಲ.

ಹಂತಗಳೇ ಬೇಡ ಎನ್ನುತ್ತಿಲ್ಲ. ನಮ್ಮೂರಿನ ಬಿದ್ರಿ ಕೆಲಸದಲ್ಲೂ ಹಂತಗಳಿವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ನಯ ಮಾಡಿ, ಮೈಲುತುತ್ತದ ನೀರು ಬಳಿಯುತ್ತಾರೆ. ಯಾಕೆ? ಮೈ ಕಪ್ಪಾದರೆ ಉಳಿಯ ಗೆರೆ ಕಣ್ಣಿಗೆ ಕಾಣುತ್ತದೆ. ಕೆತ್ತಿದ ಗೆರೆಗೆ ಬೆಳ್ಳಿ ತಂತಿ ಬಡಿದು, ಉಜ್ಜಿದರೆ ಆ ಕಪ್ಪು ಹೋಗುತ್ತದೆ. ಆಮೇಲೆ ಕೋಟೆಯ ಮಣ್ಣು, ನವಸಾಗರ. ಅದು ಸತುವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಪ್ರತಿ ಹಂತಕ್ಕೂ ಒಂದು ‘ಯಾಕೆ’ ಇದೆ. ಎದೆಗೆ ಮೊಟ್ಟೆಯಾಕಾರ ಯಾಕೆ ಎಂದು ಆ ವಿಡಿಯೋ ಒಮ್ಮೆಯೂ ಹೇಳಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ನಗಬೇಡಿ. ಕವಿ ಪರಿಚಯ, ಸಾರಾಂಶ, ಅಲಂಕಾರ, ಆಶಯ: ನಾವು ಪದ್ಯ ಓದಿದ್ದೂ ನಾಲ್ಕು ಹಂತಗಳಲ್ಲೇ. ನನ್ನ ಪಿಎಚ್.ಡಿ. ಪ್ರಬಂಧದ ಮೊದಲ ಅಧ್ಯಾಯವನ್ನು ಬರೆದದ್ದು ಹಿಂದಿನವರ ಪ್ರಬಂಧವೊಂದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು. ಉಪಶೀರ್ಷಿಕೆ ಎಷ್ಟು ಎಂದು ಯಾರಾದರೂ ಕೇಳಿದ್ದರೆ ನಾನೂ ‘ಅದರಾಗ ಎಷ್ಟ್ ಅವ ಅಷ್ಟ’ ಅನ್ನಬೇಕಿತ್ತು. ಆ ಅಧ್ಯಾಯದ ಮೇಲೆ ಯಾರೂ ತಕರಾರು ತೆಗೆಯಲಿಲ್ಲ. ನನಗೆ ಹೆದರಿಕೆಯಾಗುವುದು ಅದಕ್ಕೇ. ನೋಡದೆ ಮಾಡಿದ ಕೆಲಸ ಅಚ್ಚುಕಟ್ಟಾಗಿ ಕಂಡರೆ, ನೋಡುವ ಗೋಜಿಗೆ ಮತ್ತೆ ಯಾರು ಹೋಗುತ್ತಾರೆ?

ಬೀದರಿನ ಮಕ್ಕಳಿಗೆ ಎಲುಬು ದೂರದ್ದೇನಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಇಲ್ಲೇ ನಂದಿನಗರದಲ್ಲಿದೆ. ಶಾಲೆಯ ಪ್ರವಾಸ ಕೋಟೆಗೆ ಹೋದಂತೆ ಅಂಗರಚನೆಯ ಕೋಣೆಗೂ ಹೋಗಲಿ, ಕೈಯಲ್ಲಿ ಪೆನ್ಸಿಲ್ ಇರಲಿ. ಅಲ್ಲಿಯತನಕ ಅವರವರ ಮೈ ಅವರವರ ಹತ್ತಿರವೇ ಇದೆ.

ಅಂಗಿ ಎತ್ತಿ ಮುಟ್ಟಿ ಎಣಿಸು ಅಂದೆ ಅಕ್ಕನ ಮಗನಿಗೆ. ಒಂಬತ್ತರ ತನಕ ಹೋಗಿ ಲೆಕ್ಕ ತಪ್ಪಿದ. ಕಚಗುಳಿಯಾಗಿ ನಕ್ಕ, ಮತ್ತೆ ಒಂದರಿಂದ ಶುರು ಮಾಡಿದ. ಆಮೇಲೆ ಬರೆದ ಡ್ರ್ಯಾಗನ್ ಮೊದಲಿನದಕ್ಕಿಂತ ಸೊಟ್ಟಗಿದೆ. ಅದರ ರೆಕ್ಕೆ ಎಲ್ಲಿ ಕೂಡಬೇಕೆಂಬ ಬಗ್ಗೆ ಮಾತ್ರ ನಮ್ಮಿಬ್ಬರ ನಡುವೆ ಇನ್ನೂ ವಾದ ನಡೆದಿದೆ.