ಮೊದಲ ಇಂಟರ್ನಲ್‌ನಲ್ಲಿ ಎಡವಿದ ಹುಡುಗ

ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ, ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು. ಊರವರೆಲ್ಲ ಬೆನ್ನು ತಟ್ಟಿ ಕಳಿಸಿದ ಹುಡುಗ ಎಂಜಿನಿಯರಿಂಗ್ ಕಾಲೇಜಿನ ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ 50ಕ್ಕೆ 11 ಅಂಕ ಪಡೆಯುತ್ತಾನೆ. ಆ ರಾತ್ರಿ ಅಮ್ಮ ಫೋನಿನಲ್ಲಿ ಕೇಳಿದರೆ ‘ಎಲ್ಲ ಚೆನ್ನಾಗಿದೆ’ ಎನ್ನುತ್ತಾನೆ. ಪ್ರತಿವರ್ಷ ಇಂಥ ಸುಳ್ಳು ಎಷ್ಟೋ ಹಾಸ್ಟೆಲುಗಳಿಂದ ಎಷ್ಟೋ ಊರುಗಳಿಗೆ ಹೋಗುತ್ತದೆ.

ಹುಡುಗ ದಡ್ಡನಾದದ್ದಲ್ಲ. ಸಿಇಟಿಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿದರೆ ಸಾಕಿತ್ತು. ಇಲ್ಲಿ ಗೊತ್ತಿರುವುದನ್ನು ಇಂಗ್ಲಿಷಿನಲ್ಲಿ ವಿವರಿಸಿ ಬರೆಯಬೇಕು. ಪಿಯುಸಿಯಲ್ಲಿ ನೋಟ್ಸ್ ಬರೆಸುತ್ತಿದ್ದರು. ಇಲ್ಲಿ ಪಾಠ ಮುಂದೆ ಓಡುತ್ತದೆ. ಸೆಮಿಸ್ಟರ್ ಎಂದರೆ ಸುಮಾರು ನಾಲ್ಕೇ ತಿಂಗಳು. ಅರ್ಥವಾಗದ ಒಂದು ವಾರ ಕಳೆದರೆ ಮುಂದಿನ ಮೂರು ವಾರ ಕಷ್ಟ.

ಇದಕ್ಕೆ ದಾರಿಯಿದೆ. ಪ್ರತಿದಿನ ಆಯಾ ದಿನದ ಪಾಠವನ್ನು ಐದಾರು ವಾಕ್ಯಗಳಲ್ಲಿ ಸ್ವಂತ ಇಂಗ್ಲಿಷಿನಲ್ಲಿ ಬರೆಯುವುದು, ತಪ್ಪಾದರೂ ಸರಿ. ತರಗತಿಯಲ್ಲಿ ಕೇಳಲು ಸಂಕೋಚವಾದರೆ ಸ್ಟಾಫ್ ರೂಮಿಗೆ ಹೋಗಿ ಕನ್ನಡದಲ್ಲೇ ಕೇಳುವುದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು. ಹೊಸಬರಿಗೆ ಮೂರು ವಾರಗಳ ಪರಿಚಯ ಕಾರ್ಯಕ್ರಮ ಇರಬೇಕು, ಮಾರ್ಗದರ್ಶಕ ಅಧ್ಯಾಪಕರು ಇರಬೇಕು ಎಂದು ಎಐಸಿಟಿಇ ಕಾಲೇಜುಗಳಿಗೆ ತಿಳಿಸಿದೆ. ‘ನನ್ನ ಮೆಂಟರ್ ಯಾರು?’ ಎಂದು ಕೇಳಿ ತಿಳಿದುಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಕೆಲವೊಮ್ಮೆ ಕಷ್ಟ ಪಾಠದ್ದಾಗಿರುವುದಿಲ್ಲ. ಹಿರಿಯ ವಿದ್ಯಾರ್ಥಿಗಳ ಕಾಟವಿದ್ದರೆ ಸಹಿಸಿಕೊಂಡು ಕೂರಬೇಕಾಗಿಲ್ಲ. ಯುಜಿಸಿಯ 2009ರ ನಿಯಮಗಳು ರ‍್ಯಾಗಿಂಗ್ ಅನ್ನು ನಿಷೇಧಿಸಿವೆ. 1800-180-5522ಕ್ಕೆ ಉಚಿತವಾಗಿ ದೂರು ಕೊಡಬಹುದು. ನಿದ್ದೆ, ಊಟ ಬಿಟ್ಟು ಕೋಣೆಯಲ್ಲೇ ಉಳಿಯುವಂತಾದರೆ 14416, ಅಂದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತನಾಡಬಹುದು.

ಇನ್ನು ಪಾಲಕರ ವಿಷಯ. ಸಾಲ ಮಾಡಿ ಫೀಸು ಕಟ್ಟಿದ ತಂದೆಗೆ ಅಂಕ ಕೇಳುವ ಹಕ್ಕಿಲ್ಲವೆಂದಲ್ಲ. ಆದರೆ ಫೋನಿನಲ್ಲಿ ಮೊದಲ ಪ್ರಶ್ನೆಯೇ ಅದಾದರೆ ಮಗ ಬಾಯಿ ಬಿಡುವುದಿಲ್ಲ. ‘ಇವತ್ತು ಯಾರ ಜೊತೆ ಊಟ ಮಾಡಿದೆ?’ ಎಂದು ಕೇಳಬೇಕು. ಎರಡು ವಾರವಾದರೂ ಉತ್ತರ ‘ಒಬ್ಬನೇ’ ಎಂದಾದರೆ, ಒಂದು ದಿನ ಬಸ್ ಹತ್ತಿ ಹೋಗಿ ನೋಡಿಕೊಂಡು ಬರಬೇಕು. ಪಕ್ಕದ ಮನೆಯ ಹುಡುಗನ ಮಾರ್ಕ್ಸ್ ಸುದ್ದಿ ಎತ್ತಬಾರದು.

‘ಹನ್ನೊಂದು ಬಂತಾ? ಬರಲಿ ಬಿಡು, ಮುಂದಿನದಕ್ಕೆ ಇಪ್ಪತ್ತು ತೆಗೆಯೋಣ’ ಎಂದು ಅಪ್ಪ ಒಮ್ಮೆ ಹೇಳಿದರೆ, ಮಗನಿಗೆ ಮುಂದಿನ ಸಲ ಸುಳ್ಳು ಹೇಳಬೇಕಾದ ಪ್ರಸಂಗ ಬರುವುದಿಲ್ಲ.